ಲೀಡ್ಸ್‌ನಿಂದ ಅಪ್ಪನಿಗೆ: ಹಸಿ ಗೊಬ್ಬರದ ವಿಷಯ

ಲೀಡ್ಸ್, ಇಂಗ್ಲೆಂಡ್, ನವೆಂಬರ್ ಕೊನೆಯ ವಾರ

ಪ್ರೀತಿಯ ಅಪ್ಪ, ಅಮ್ಮ,

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಬಂದು ತಲುಪಿತು, ಸ್ವಲ್ಪವೂ ಸೋರಿಲ್ಲ.

ಅಪ್ಪ, ಫೋನಿನಲ್ಲಿ ನೀವು ಕೇಳಿದ್ದಕ್ಕೆ ಗಡಿಬಿಡಿಯಲ್ಲಿ ಪೂರ್ತಿ ಉತ್ತರ ಹೇಳಲು ಆಗಲಿಲ್ಲ. "ಹಸಿ ಗೊಬ್ಬರವನ್ನು ಹಾಗೇ ತರಕಾರಿ ಮಡಿಗೆ ಹಾಕುತ್ತೀಯಾ? ಬೇರು ಸುಟ್ಟುಹೋಗಲ್ವಾ?" ಅಂದಿರಿ. ಗಿಡ ಇದ್ದರೆ ಖಂಡಿತ ಸುಡುತ್ತದೆ. ಆದರೆ ಈಗ ಆ ಮಡಿಗಳಲ್ಲಿ ಗಿಡವೇ ಇಲ್ಲ, ಏಪ್ರಿಲ್‌ವರೆಗೆ ಏನೂ ನೆಡುವುದೂ ಇಲ್ಲ. ನಮ್ಮಲ್ಲಿ ಗುಂಡಿಯಲ್ಲಿ ಕಳಿಯುವುದು ಇಲ್ಲಿ ಮಡಿಯ ಮೇಲೇ ಕಳಿಯುತ್ತದೆ, ಅಷ್ಟೇ.

ತರಕಾರಿ ಬೆಳೆಯಲು ನಾವು ಬಾಡಿಗೆಗೆ ತೆಗೆದುಕೊಂಡಿರುವ ಜಾಗಕ್ಕೆ ಇಲ್ಲಿ ಅಲಾಟ್‌ಮೆಂಟ್ ಅನ್ನುತ್ತಾರೆ. ಹಳೆಯ ಲೆಕ್ಕದಲ್ಲಿ ಪೂರ್ತಿ ಒಂದು ಜಾಗ ಅಂದರೆ 10 ರಾಡ್, ಅಂದರೆ ಸುಮಾರು 250 ಚದರ ಮೀಟರ್. ನಮ್ಮ ಎರಡೂವರೆ ಗುಂಟೆ. ಮಣ್ಣು ಜೇಡಿ. ಒದ್ದೆಯಾದರೆ ಬೂಟು ಬಿಡುವುದಿಲ್ಲ, ಒಣಗಿದರೆ ಗುದ್ದಲಿ ಇಳಿಯುವುದಿಲ್ಲ. ಇಂಥ ಮಣ್ಣಿಗೆ ಗೊಬ್ಬರ ಬಿಟ್ಟು ಬೇರೆ ಮದ್ದಿಲ್ಲ.

ಇಲ್ಲಿ ಸುಲಭವಾಗಿ ಸಿಗುವುದು ಕುದುರೆ ಲದ್ದಿ. ಲಾಯದವರಿಗೆ ಅದು ಖಾಲಿಯಾದರೆ ಸಾಕು. ಕುದುರೆಯ ಕಾಲಡಿಗೆ ಹಾಸಿದ ಹುಲ್ಲು, ಗಂಜಲ ಎಲ್ಲ ಸೇರಿ ಹೊಗೆಯಾಡುತ್ತಾ ಬರುತ್ತದೆ. ಮರದ ಹೊಟ್ಟು ಹಾಸಿದ್ದನ್ನು ನಾನು ತೆಗೆದುಕೊಳ್ಳುವುದಿಲ್ಲ. ಹೊಟ್ಟು ಕಳಿಯಲು ಬಹಳ ಕಾಲ ಬೇಕು, ಅಷ್ಟು ದಿನವೂ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಕೋಳಿ ಗೊಬ್ಬರವಂತೂ ತುಂಬಾ ಉಷ್ಣ, ಅದು ನೇರ ಕಾಂಪೋಸ್ಟ್ ರಾಶಿಗೆ.

ಖಾಲಿ ಮಡಿಯ ಮೇಲೆ ಮೂರು ನಾಲ್ಕು ಅಂಗುಲ ದಪ್ಪ ಹರಡುತ್ತೇನೆ. ಅಗೆದು ಹೂಳುವುದಿಲ್ಲ. ಇಲ್ಲಿ ಸಾಮಾನ್ಯವಾಗಿ ನೆಲದ ಮೇಲ್ಪದರ ಮಾತ್ರ ಹೆಪ್ಪುಗಟ್ಟುತ್ತದೆ, ಕೆಳಗೆ ಎರೆಹುಳು ಕೆಲಸ ಮಾಡುತ್ತಲೇ ಇರುತ್ತವೆ. ಅವೇ ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಎಳೆದುಕೊಳ್ಳುತ್ತವೆ. ಹರಡಿದ ಮೇಲೆ ರಟ್ಟು ಹಾಸಿ, ಅದರ ಮೇಲೆ ಕಪ್ಪು ಟಾರ್ಪಾಲು ಎಳೆದು, ಅಂಚಿಗೆ ಕಲ್ಲು ಇಡುತ್ತೇನೆ. ಇದನ್ನು ಬಿಡಲೇಬಾರದು. ಚಳಿಗಾಲ ಪೂರ್ತಿ ಜಿಟಿಜಿಟಿ ಮಳೆ. ಮುಚ್ಚದಿದ್ದರೆ ಗೊಬ್ಬರದ ಸಾರವೆಲ್ಲ ತೊಳೆದು ತೊರೆ ಸೇರುತ್ತದೆ. ನಮಗೂ ನಷ್ಟ, ನೀರಿಗೂ ಕೇಡು. ಮರಳು ಮಣ್ಣಾಗಿದ್ದರೆ ನಾನು ಈ ಕಾಲದಲ್ಲಿ ಹಾಕುತ್ತಲೇ ಇರಲಿಲ್ಲ.

ಸುಣ್ಣ ಮಾತ್ರ ಇದರ ಜೊತೆ ಸೇರಬಾರದು. ಎರಡೂ ಒಟ್ಟಿಗೆ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನೀವು ತೋಟಕ್ಕೆ ಸುಣ್ಣ ಹಾಕುವಾಗಲೂ ಇದು ನೆನಪಿರಲಿ.

ಅಮ್ಮನಿಗೆ ಭಯ ಇರುವುದು ರೋಗದ್ದು. ಭಯ ನ್ಯಾಯವೇ. ಇ. ಕೋಲಿ ಒ157 ಅನ್ನುವ ಬ್ಯಾಕ್ಟೀರಿಯಾ ದನದ ಹೊಟ್ಟೆಯಲ್ಲಿ ಇದ್ದರೂ ದನಕ್ಕೆ ಏನೂ ಆಗುವುದಿಲ್ಲ, ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ, ಬಹಳ ಅಪಾಯ. ಅಮೆರಿಕದ ಸಾವಯವ ಕೃಷಿಯ ನಿಯಮದಲ್ಲಿ ಇದಕ್ಕೊಂದು ಲೆಕ್ಕ ಇದೆ. ತಿನ್ನುವ ಭಾಗ ಮಣ್ಣಿಗೆ ತಾಗುವಂತಿದ್ದರೆ, ಹಸಿ ಗೊಬ್ಬರ ಹಾಕಿ ಕೊಯ್ಲಿಗೆ ಕನಿಷ್ಠ 120 ದಿನ ಆಗಿರಬೇಕು. ತಾಗದಿದ್ದರೆ 90 ದಿನ. ನವೆಂಬರಿನಲ್ಲಿ ಹಾಕಿ ಏಪ್ರಿಲ್‌ನಲ್ಲಿ ನೆಟ್ಟರೆ ಅದಕ್ಕಿಂತ ಜಾಸ್ತಿಯೇ ಆಗುತ್ತದೆ. ಆದರೂ ಸೊಪ್ಪು, ಮೂಲಂಗಿ ಬೇರೆ ಮಡಿಯಲ್ಲೇ. ಕ್ಯಾರೆಟ್ ಅಂತೂ ಹೊಸ ಗೊಬ್ಬರದ ಮಣ್ಣಿನಲ್ಲಿ ಕವಲೊಡೆದು ಕಾಲು ಕಾಲಾಗಿ ಬೆಳೆಯುತ್ತದೆ.

ನನಗೆ ನಿಜಕ್ಕೂ ಚಿಂತೆ ಇರುವುದು ಇನ್ನೊಂದರ ಬಗ್ಗೆ. ಅಮಿನೋಪೈರಾಲಿಡ್ ಅಂತ ಒಂದು ಕಳೆನಾಶಕ. ಹುಲ್ಲುಗಾವಲಿಗೆ ಹೊಡೆಯುತ್ತಾರೆ. ಆ ಹುಲ್ಲು ತಿಂದ ದನ, ಕುದುರೆಗೆ ಏನೂ ಆಗುವುದಿಲ್ಲ. ವಿಷ ಕರಗದೆ ಸಗಣಿ, ಲದ್ದಿಯಲ್ಲೇ ಹೊರಬರುತ್ತದೆ. 2008ರಲ್ಲಿ ಬ್ರಿಟನ್ನಿನ ಎಷ್ಟೋ ಅಲಾಟ್‌ಮೆಂಟ್‌ಗಳಲ್ಲಿ ಟೊಮ್ಯಾಟೊ, ಆಲೂಗಡ್ಡೆ, ಬೀನ್ಸ್ ಎಲೆ ಮುರುಟಿಕೊಂಡು ಹಾಳಾದವು. ಪಾಪ, ಒಳ್ಳೆಯದಾಗಲಿ ಅಂತ ಗೊಬ್ಬರ ಹೊತ್ತು ಹಾಕಿದವರ ಬೆಳೆಯೇ ಹೋಯಿತು. ಆಗ ಅದರ ಮಾರಾಟ ನಿಲ್ಲಿಸಿ, ನಿಯಮ ಬಿಗಿ ಮಾಡಿ ಆಮೇಲೆ ಮತ್ತೆ ಬಿಟ್ಟರು. ಅದಕ್ಕೇ ಯಾರು ಸುಮ್ನೆ ಕೊಟ್ಟರೂ ಮೊದಲು ಹುಲ್ಲಿಗೆ ಏನು ಹೊಡೆದಿದ್ದಾರೆ ಅಂತ ಕೇಳುತ್ತೇನೆ. ಆಮೇಲೆ ಗೊಬ್ಬರವನ್ನು ಮಣ್ಣಿಗೆ ಬೆರೆಸಿ ಕುಂಡದಲ್ಲಿ ಬ್ರಾಡ್ ಬೀನ್ಸ್ ಬಿತ್ತಿ, ಪಕ್ಕದಲ್ಲಿ ಬರೀ ಮಣ್ಣಿನ ಕುಂಡವನ್ನೂ ಇಡುತ್ತೇನೆ. ಗೊಬ್ಬರದ್ದರಲ್ಲಿ ಮಾತ್ರ ಎಲೆ ಸುರುಳಿ ಸುತ್ತಿದರೆ ಆ ರಾಶಿ ಬೇಡ. ಈ ಸಲದ ಬೀನ್ಸ್ ಚೆನ್ನಾಗಿ ಎಲೆ ಬಿಟ್ಟಿದೆ.

ಮಾರ್ಚ್‌ನಲ್ಲಿ ಟಾರ್ಪಾಲು ತೆಗೆದು, ಕಳಿಯದೆ ಉಳಿದ ಹುಲ್ಲನ್ನು ಗೋರಿ ರಾಶಿಗೆ ಹಾಕಿದರೆ ಆಯಿತು. ಏಪ್ರಿಲ್‌ನಲ್ಲಿ ಆಲೂಗಡ್ಡೆ. ರಾತ್ರಿ ಇಬ್ಬನಿ ಹೆಪ್ಪುಗಟ್ಟುವುದು ನಿಂತ ಮೇಲೆ, ಮೇ ಕೊನೆಗೆ, ಕುಂಬಳ.

ನಮ್ಮಲ್ಲಿ ಇದನ್ನು ಮಾಡಬೇಡಿ ಅಪ್ಪ. ತರಕಾರಿ ಹಿತ್ತಲು ಐದು ತಿಂಗಳು ಖಾಲಿ ಇರುವುದೇ ಇಲ್ಲ, ಅಲ್ವಾ? ಗುಂಡಿಯಲ್ಲಿ ಸೊಪ್ಪು ಸಗಣಿ ಪದರ ಹಾಕಿ ಕಳಿಸುವುದೇ ಸರಿ. ಒಂದು ಮಾತ್ರ ಕೇಳುತ್ತೇನೆ. ಮುಂಗಾರಿಗೆ ಮೊದಲು ಆ ಗುಂಡಿಗೆ ಅಡಿಕೆ ಸೋಗೆಯ ಮಾಡು ಹಾಕಿಸಿ. ಮಳೆಗಾಲದಲ್ಲಿ ಅಲ್ಲಿಂದ ಹರಿಯುವ ಕಂದು ನೀರೆಲ್ಲ ಗೊಬ್ಬರದ ಸಾರವೇ. ಅಮ್ಮನಿಗೆ ಹೇಳಿ, ಕೊತ್ತಂಬರಿ ಪಾತಿಗೆ ಹಸಿ ಸಗಣಿ ನೀರು ಹಾಕುವುದು ಬೇಡ.

ಹಬ್ಬಕ್ಕೆ ಫೋನ್ ಮಾಡುತ್ತೇನೆ.

ನಿಮ್ಮ ಮಗಳು