ಬೆರಳಿನ ಸೆನ್ಸರ್: ಭಾನುವಾರಕ್ಕೆ ಮುಂಚೆ ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ರೋಬೋಟ್ ಬೆರಳಿನ ಫೋರ್ಸ್ ಸೆನ್ಸರ್ ಡ್ರಾಯಿಂಗ್ ನೋಡಿದೆ. ಸಿಗ್ನಲ್ ಜಾಸ್ತಿ ಬರಲಿ ಅಂತ ಅಲ್ಯೂಮಿನಿಯಂ ಪಟ್ಟಿಯ ದಪ್ಪವನ್ನು 2 ಮಿ.ಮೀ.ನಿಂದ 1ಕ್ಕೆ ಇಳಿಸಿದ್ದೀರಿ, ಅದೇ ಭಾರಕ್ಕೆ ಸ್ಟ್ರೇನ್ (ಪಟ್ಟಿಯ ಮೇಲ್ಮೈ ಹಿಗ್ಗುವ, ಕುಗ್ಗುವ ಪ್ರಮಾಣ) 4 ಪಟ್ಟು ಆಗುವುದು ನಿಜ, ಆದರೆ ಬಾಗುವುದು 8 ಪಟ್ಟು ಆಗುತ್ತದೆ, ಬೆರಳು ಸುಮ್ನೆ ಉಯ್ಯಾಲೆ ಆಡುತ್ತದೆ. 1.5 ಇಡಿ. ಪಟ್ಟಿ ಅತಿಯಾಗಿ ಬಾಗದಂತೆ ಕೆಳಗೆ ತಡೆಯುವ ಸ್ಟಾಪರ್ ಎಲ್ಲಿ? ಹೋದ ಸಲ ಒತ್ತಿ ನೋಡಿದಾಗ ಬಾಗಿದ್ದು ಬಾಗಿಯೇ ಉಳಿಯಿತು, ಅಲ್ವಾ?

ಸ್ಟ್ರೇನ್ ಅಳೆಯುವ ಗೇಜ್‌ಗಳನ್ನು ಪಟ್ಟಿಯ ಮೇಲೆ 2, ಕೆಳಗೆ 2 ಹಾಕಿ. ನಾಲ್ಕನ್ನೂ ಒಂದೇ ಸರ್ಕ್ಯೂಟಿಗೆ ಸೇರಿಸಿದ ಫುಲ್ ಬ್ರಿಡ್ಜ್ ಆದರೆ ನಮ್ಮ ದಾವಣಗೆರೆ ಬಿಸಿಲಿಗೆ ರೀಡಿಂಗ್ ಏರುಪೇರಾಗುವ ಕಾಟ ಬಹುಪಾಲು ತಪ್ಪುತ್ತದೆ. ಬುಡಕ್ಕೆ ಸ್ಕ್ರೂ ಜೋಡಣೆ ಬೇಡ, ಅದು ಒಳಗೊಳಗೇ ಜಾರಿ ರೀಡಿಂಗ್ ಸೊನ್ನೆಗೆ ವಾಪಸ್ ಬರುವುದಿಲ್ಲ, ಪಟ್ಟಿ, ಬುಡ ಎರಡನ್ನೂ ಒಂದೇ ತುಂಡಿನಲ್ಲಿ ವೈರ್ ಕಟ್ (ವಿದ್ಯುತ್ ಕಿಡಿ ಹಾರಿಸುವ ತಂತಿಯಿಂದ ಲೋಹ ಕತ್ತರಿಸುವುದು) ಮಾಡಿಸಿ.

ಭಾನುವಾರ 10ಕ್ಕೆ ವಿದ್ಯಾನಗರದ ರೂಮಿಗೆ ಬನ್ನಿ. ಬೆಣ್ಣೆ ದೋಸೆ ತಿಂದವರು ಸೋಪು ಹಾಕಿ ಕೈ ತೊಳೆದೇ ಬನ್ನಿ, ಜಿಡ್ಡಿದ್ದರೆ ಗೇಜ್ ಅಂಟುವುದಿಲ್ಲ.