ಪ್ರಥಮ ಚಿಕಿತ್ಸೆಯ ತರಬೇತಿ: ಡೊಂಬಿವಲಿ ಸದಸ್ಯರ ಗಮನಕ್ಕೆ

ನಮಸ್ಕಾರ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಸಭಾಂಗಣದಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಇದೆ. 108ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ, ನಿಜ; ಆದರೆ ಅದು ಸ್ಟೇಷನ್ ರಸ್ತೆಯ ಸಂಜೆಯ ದಟ್ಟಣೆ ದಾಟಿ ಬರಬೇಕು. ಹೃದಯ ಬಡಿತ ನಿಂತರೆ ನಾಲ್ಕೈದು ನಿಮಿಷಗಳಲ್ಲೇ ಮಿದುಳಿಗೆ ಹಾನಿ ಶುರುವಾಗಬಹುದು. ಆಂಬ್ಯುಲೆನ್ಸ್ ಬರುವವರೆಗೆ ಎದೆಯ ನಡುವೆ ಅಂಗೈ ಮೇಲೆ ಅಂಗೈಯಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, 5–6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಬೇಕು. ಎಷ್ಟು ಬಲ ಬೇಕೆಂಬುದು ತರಬೇತಿಯ ಗೊಂಬೆಯ ಮೇಲೆ ಒತ್ತಿದಾಗಲೇ ತಿಳಿಯುವುದು, ವಿಡಿಯೊ ನೋಡಿ ಅಲ್ಲ.

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬಳಿಯುವ ಮನೆವೈದ್ಯರು ತಪ್ಪದೇ ಬನ್ನಿ. ಮೊದಲು ಬೇಕಾದದ್ದು 20 ನಿಮಿಷ ಹರಿಯುವ ನಲ್ಲಿ ನೀರು. ಮಂಡಿನೋವಿನವರಿಗೆ ಕುರ್ಚಿ ಇರುತ್ತದೆ. ಶುಕ್ರವಾರದೊಳಗೆ ಹೆಸರನ್ನು ಇಲ್ಲೇ ಬರೆಯಿರಿ. ಬರೀ ಕೈಮುಗಿದ ಚಿತ್ರ ಹಾಕಿದರೆ ಬರುತ್ತೀರೋ ಇಲ್ಲವೋ ತಿಳಿಯುವುದಿಲ್ಲ.