ಮಗಳಿಗೊಂದು ಪತ್ರ: ಪಟ್ಟಿಯ ಕೊನೆಯ ಪುಟ

ಅಂಕೋಲಾ
ಜೂನ್ 16, 2024

ಪ್ರೀತಿಯ ಕೂಸೇ,

ವಿದೇಶದಲ್ಲಿ ಓದುತ್ತಿರುವುದರಿಂದ ಮತ ಹಾಕಲಾಗಲಿಲ್ಲ ಎಂಬ ನಿನ್ನ ಪತ್ರ ಬಂದು ಮೂರು ದಿನವಾಯಿತು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವೆಂದು ಇವತ್ತು ಕಾಗದ ಹಿಡಿದು ಕುಳಿತಿದ್ದೇನೆ. ಹೊರಗೆ ಮಳೆ ಸುರಿಯುತ್ತಿದೆ.

ಜೂನ್ 4ರಂದು ಲ್ಯಾಬಿನ ಮೂಲೆಯಲ್ಲಿ ಮೊಬೈಲ್ ಹಿಡಿದು ಲೋಕಸಭಾ ಚುನಾವಣೆಯ ಫಲಿತಾಂಶ ನೋಡುತ್ತಿದ್ದೆ ಎಂದಿದ್ದೀಯೆ. ಹತ್ತು ವರ್ಷಗಳ ನಂತರ ಯಾವ ಪಕ್ಷಕ್ಕೂ ತಾನೊಂದೇ ಬಹುಮತ ದಾಟಲಾಗದ ಚುನಾವಣೆ. ಅದೇ ಹೊತ್ತಿಗೆ 1962ರ ನೆಹರೂ ಅವರ ನಂತರ ಮೊದಲ ಬಾರಿಗೆ ಒಬ್ಬರೇ ಸತತ ಮೂರನೆಯ ಸಲ ಪ್ರಧಾನಿಯಾದ ಚುನಾವಣೆ. ಇತಿಹಾಸ ಎನ್ನುವುದಕ್ಕೆ ಇಷ್ಟು ಸಾಕು. ಅತ್ತ ನಿನ್ನ ಜೊತೆಗಿರುವ ಜರ್ಮನ್ ಹುಡುಗಿ ಯುರೋಪಿನ ಸಂಸತ್ತಿನ ಮತಪತ್ರವನ್ನು ಅಡುಗೆಮನೆಯ ಮೇಜಿನ ಮೇಲೆ ತುಂಬಿ ಅಂಚೆಗೆ ಹಾಕಿದಳು. ಆ ಚುನಾವಣೆಗೆ ಜರ್ಮನಿಯಲ್ಲಿ ಈ ಸಲ ಹದಿನಾರು ತುಂಬಿದವರಿಗೂ ಮತವಿತ್ತು. ಇದನ್ನೆಲ್ಲ ಬರೆದು ಕೊನೆಗೆ ನೀನು, "ಅಪ್ಪ, ನಾನು ಆಟಕ್ಕೂ ಇಲ್ಲ, ಲೆಕ್ಕಕ್ಕೂ ಇಲ್ಲ" ಎಂದೆ. ಆ ಸಾಲನ್ನು ದಾಟಿ ಮುಂದೆ ಓದಲು ನನಗೆ ಆಗಲಿಲ್ಲ.

ಯಾರು ಗೆದ್ದರು, ಯಾರು ಸೋತರು ಎಂದು ನಾವು ಅಂದೇ ಸಾಕಷ್ಟು ಮಾತಾಡಿದ್ದೇವೆ. ನಾನು ಹೇಳಬೇಕಾದದ್ದು ನಮ್ಮಲ್ಲಿ ಮತದಾನ ನಡೆದ ಮೇ 7ರ ಸಂಜೆ ಕಂಡದ್ದು. ಈ ಸಲ ನನಗೆ ಶಿರಸಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಮತಗಟ್ಟೆ ಅಧಿಕಾರಿಯ ಕೆಲಸ. ಹಿಂದಿನ ದಿನವೇ ಯಂತ್ರಗಳನ್ನು ಹೊತ್ತು ಘಟ್ಟದ ಮೇಲೆ ಹೋಗಿ, ಶಾಲೆಯ ಬೆಂಚುಗಳನ್ನು ಜೋಡಿಸಿ ಮಲಗಿದೆವು. ಬೆಳಗಿನ ಐದೂವರೆಗೆ ಅಣಕು ಮತದಾನ. ಪಕ್ಷಗಳ ಏಜೆಂಟರ ಎದುರು ಐವತ್ತು ಮತ ಒತ್ತಿ, ಎಣಿಸಿ ತಾಳೆ ನೋಡಿ, ಯಂತ್ರವನ್ನು ಮತ್ತೆ ಸೊನ್ನೆಗೆ ತಂದು, ಯಂತ್ರದಿಂದ ಬಿದ್ದ ಮತಚೀಟಿಗಳನ್ನು ಕಪ್ಪು ಲಕೋಟೆಯಲ್ಲಿಟ್ಟು ಮೊಹರು ಮಾಡಬೇಕು. ಈ ಕೆಲಸ ಮಾಡುವಾಗ ಪ್ರತಿ ಸಲವೂ ನನ್ನ ಕೈ ಸಣ್ಣಗೆ ನಡುಗುತ್ತದೆ. ಏಳು ಗಂಟೆಗೆ ಬಾಗಿಲು ತೆರೆದೆವು.

ಸಂಜೆ ಆರಕ್ಕೆ ಇನ್ನೂ ಹದಿನೇಳು ಜನ ಸಾಲಿನಲ್ಲಿದ್ದರು. ಆಗ ನಮಗೊಂದು ನಿಯಮವಿದೆ: ನಿಂತವರಿಗೆಲ್ಲ ಸಹಿ ಮಾಡಿದ ಚೀಟಿ ಕೊಡಬೇಕು, ಕೊಡುವುದನ್ನು ಸಾಲಿನ ಬಾಲದಿಂದ ಶುರು ಮಾಡಬೇಕು. ಕೊನೆಯಲ್ಲಿ ನಿಂತವರಿಗೆ ಒಂದನೆಯ ನಂಬರು. ಆಮೇಲೆ ಬಂದವರು ಹಿಂದೆ ಸೇರಿಕೊಳ್ಳದಿರಲಿ ಎಂಬುದು ಅದರ ಉದ್ದೇಶ. ಹಾಗೆ ನನ್ನಿಂದ ಒಂದನೆಯ ಚೀಟಿ ಪಡೆದವಳು ನಿನ್ನದೇ ವಯಸ್ಸಿನ ಹುಡುಗಿ. ಬೆಂಗಳೂರಿನಲ್ಲಿ ಕೆಲಸವಂತೆ, ಸಿಕ್ಕ ಬಸ್ಸುಗಳನ್ನು ಬದಲಿಸಿಕೊಂಡು ಬಂದು, ಮುಖ್ಯ ರಸ್ತೆಯಿಂದ ಬ್ಯಾಗು ಹೊತ್ತು ಒಂದು ಗಂಟೆ ನಡೆದಿದ್ದಳು. ಮುಖವೆಲ್ಲ ಕೆಂಪು. ಒಳಗೆ ಬಂದು ರಿಜಿಸ್ಟರಿಗೆ ಸಹಿ ಹಾಕಿ, ಎಡಗೈ ತೋರುಬೆರಳನ್ನು ಚಾಚಿದಳು. ಮೈಸೂರಿನ ಬಣ್ಣದ ಕಾರ್ಖಾನೆಯಿಂದ ಬರುವ ಆ ಶಾಯಿಯನ್ನು ಉಗುರಿನ ತುದಿಯಿಂದ ಗೆಣ್ಣಿನವರೆಗೆ ಎಳೆಯುತ್ತಿದ್ದಾಗ ನನಗೆ ನಿನ್ನದೇ ಬೆರಳು ಕಂಡಿತು, ಕೂಸೇ. ಬಾಗಿಲು ಮುಚ್ಚಿ, ಲೆಕ್ಕ ಬರೆದು, ಮೊಹರು ಹಾಕುವವರೆಗೂ ಯಾರೊಡನೆಯೂ ಮಾತಾಡಲಾಗಲಿಲ್ಲ.

ಇನ್ನೊಂದು ವಿಷಯ. ಅಂಕೋಲೆಯ ಮತದಾರನಾದ ನಾನು ಅದೇ ಶಿರಸಿಯ ಶಾಲೆಯಲ್ಲೇ ಮತ ಹಾಕಿದೆ. ಒಂದೇ ಲೋಕಸಭಾ ಕ್ಷೇತ್ರದೊಳಗೆ ಕೆಲಸಕ್ಕೆ ಹೋದವರಿಗೆ ಚುನಾವಣಾ ಕರ್ತವ್ಯದ ಪ್ರಮಾಣಪತ್ರ ಕೊಡುತ್ತಾರೆ. ಗಡಿಯಲ್ಲಿರುವ ಸೈನಿಕನಿಗೆ ಮತಪತ್ರ ಇಂಟರ್ನೆಟ್ ಮೂಲಕ ಹೋಗುತ್ತದೆ, ಗುರುತು ಮಾಡಿ ಅಂಚೆಯಲ್ಲಿ ಕಳುಹಿಸಿದರಾಯಿತು. ಎಂಬತ್ತೈದು ದಾಟಿದವರ ಮನೆ ಬಾಗಿಲಿಗೇ ಅಧಿಕಾರಿಗಳು ಹೋಗುತ್ತಾರೆ. ಇಷ್ಟೆಲ್ಲ ಕಾಳಜಿ ಮಾಡಿದ ವ್ಯವಸ್ಥೆ ವಿದೇಶದಲ್ಲಿ ಓದುವ ಮಕ್ಕಳಿಗೆ ಮಾತ್ರ ಖುದ್ದಾಗಿ ಬಂದು ಹಾಕಿ ಎನ್ನುತ್ತದೆ. 2010ರ ತಿದ್ದುಪಡಿ ನಿಮ್ಮ ಹೆಸರನ್ನು ಪಟ್ಟಿಗೆ ಸೇರಿಸಿತು, ಆದರೆ ಮತ ತಲುಪಿಸುವ ದಾರಿ ಕೊಡಲಿಲ್ಲ. ಬೇರೆಯವರ ಮೂಲಕ ಹಾಕಿಸುವ ಮಸೂದೆಯೊಂದು 2018ರಲ್ಲಿ ಲೋಕಸಭೆಯನ್ನು ದಾಟಿತ್ತು, ಆ ಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ನನ್ನ ಮತ ನನ್ನ ಕೈಯಿಂದಲೇ ಬೀಳಬೇಕು ಎನ್ನುವವನು ನಾನು, ಹಾಗಾಗಿ ಆ ಮಸೂದೆಯ ಬಗ್ಗೆ ನನಗೆ ಅಷ್ಟು ಮರುಕವಿಲ್ಲ. ಸೈನಿಕನಿಗೆ ಹೋಗುವಂತೆ ನಿನಗೂ ಮತಪತ್ರ ಬರಬೇಕು. ಇದು ಅನ್ಯಾಯವೆಂಬ ನಿನ್ನ ಸಿಟ್ಟು ಸರಿಯಾಗಿಯೇ ಇದೆ.

ಲೆಕ್ಕಕ್ಕಿಲ್ಲ ಎಂಬ ಮಾತನ್ನು ಮಾತ್ರ ಒಪ್ಪುವುದಿಲ್ಲ. ನಿನ್ನ ಪತ್ರವನ್ನು ಅಜ್ಜಿಗೂ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ದಿನಕರ ದೇಸಾಯರು ಎಲ್ಲಿದ್ದರು ಕೇಳು" ಎಂದಳು. ಅವಳ ಮೊದಲ ಮತ 1962ರದ್ದು, ಆ ಶಾಯಿಯ ಬಳಕೆ ಶುರುವಾದದ್ದೂ ಅದೇ ವರ್ಷ. 1967ರಲ್ಲಿ ನಾನು ಅವಳ ಹೊಟ್ಟೆಯಲ್ಲಿದ್ದೆ. ಆ ಚುನಾವಣೆಯಲ್ಲಿ ನಮ್ಮ ಅಲಗೇರಿಯ ದೇಸಾಯರು ಯಾವ ಪಕ್ಷವೂ ಇಲ್ಲದೆ, ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದರು. ಗೇಣಿ ರೈತರನ್ನು ಸಂಘಟಿಸಿದರೆಂದು ಬ್ರಿಟಿಷರು ಅವರನ್ನು ಈ ಜಿಲ್ಲೆಯಿಂದಲೇ ಗಡೀಪಾರು ಮಾಡಿದ್ದರು. ಮುಂಬಯಿಯಲ್ಲಿ ಕೂಲಿಕಾರರ ನಡುವೆ ದುಡಿಯುತ್ತಲೇ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ, ಹೈಸ್ಕೂಲಿಲ್ಲದ ಊರುಗಳಲ್ಲಿ ಶಾಲೆ ತೆರೆದರು. ತುಂಬು ಬಸುರಿಯಾಗಿದ್ದ ಅಜ್ಜಿ ಆ ಬಿಸಿಲಿನಲ್ಲಿ ನಡೆದು ಹೋಗಿ ಅವರಿಗೆ ಮತ ಹಾಕಿದಳಂತೆ. "ಊರಿನಲ್ಲಿ ಇರಲಿಲ್ಲ ಎಂದು ಊರು ಅವರನ್ನು ಬಿಟ್ಟಿತೇ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಅದೇ ಅಜ್ಜಿಗೆ ಈ ಸಲ ಎಂಬತ್ತಾರು. ಮನೆಗೇ ಬರುತ್ತಾರೆ, ಅರ್ಜಿ ತುಂಬೋಣ ಎಂದರೆ ಕೇಳಲಿಲ್ಲ. ಶಾಲೆಗೇ ಹೋಗಬೇಕು, ನಾಲ್ಕು ಜನರ ಮುಖ ನೋಡಬೇಕು ಎಂದು ಹಟ ಹಿಡಿದಳು. ನಿನ್ನ ಆಯಿಯೇ ಅತ್ತೆಯನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋದಳು.

ಈಗ ಕೆಲಸದ ಮಾತು. ನಮ್ಮ ಬಿಎಲ್‌ಒ (ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ) ಅಂಗನವಾಡಿಯ ಅಕ್ಕೋರು ಮೊನ್ನೆ ಬಂದು, ನೀನು ಇಲ್ಲಿಲ್ಲವಾದ್ದರಿಂದ ಹೆಸರು ತೆಗೆಯಬೇಕಾಗುತ್ತದೆಯೇ ಎಂದು ಕೇಳಿದರು. ತೆಗೆಯುವುದಲ್ಲ, ಜಾಗ ಬದಲಿಸುವುದು ಎಂದೆ. ನಮೂನೆ 6ಎ ತುಂಬಿದರೆ ನಿನ್ನ ಹೆಸರು ನಮ್ಮ ಮತಗಟ್ಟೆಯ ಪಟ್ಟಿಯ ಕೊನೆಯ ವಿಭಾಗಕ್ಕೆ, ಸಾಗರೋತ್ತರ ಮತದಾರರ ಪುಟಕ್ಕೆ ಹೋಗುತ್ತದೆ. ಹಳೆಯ ಗುರುತಿನ ಚೀಟಿಯನ್ನು ಹಿಂತಿರುಗಿಸಬೇಕು, ಅದು ನನ್ನ ಕಪಾಟಿನಲ್ಲಿದೆ. ಮತದಾನಕ್ಕೆ ಬಂದಾಗ ತೋರಿಸಬೇಕಾದದ್ದು ಪಾಸ್‌ಪೋರ್ಟ್ ಮಾತ್ರ. ನಮ್ಮ ಮತಗಟ್ಟೆಯಲ್ಲಿ ಆ ಪುಟ ಇನ್ನೂ ಇಲ್ಲ, ನಿನ್ನಿಂದಲೇ ಶುರುವಾಗುತ್ತದೆ.

ಪಾಸ್‌ಪೋರ್ಟಿನ ಫೋಟೋ ಇರುವ ಪುಟ, ಇಲ್ಲಿಯ ವಿಳಾಸದ ಪುಟ, ವೀಸಾ ಇರುವ ಪುಟ, ಈ ಮೂರರ ಪ್ರತಿ ಬೇಕು. ವಿಳಾಸದಲ್ಲಿ ಮನೆ ನಂಬರು ಹಳೆಯದೋ ಹೊಸದೋ ನೋಡಿ ತಿಳಿಸು. ಅರ್ಜಿಯ ಉಳಿದ ಭಾಗವನ್ನೆಲ್ಲ ತುಂಬಿ ಇದರ ಜೊತೆಗೇ ಕಳುಹಿಸುತ್ತಿದ್ದೇನೆ, ಸಹಿ ಹಾಕುವಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ್ದೇನೆ.

ಕರಿ ಈಶಾಡು ಮಾವು ಈ ವರ್ಷ ಕಡಿಮೆ. ಹಲಸಿನ ಹಪ್ಪಳದ ಡಬ್ಬವನ್ನು ಆಯಿ ಕಟ್ಟಿಟ್ಟಿದ್ದಾಳೆ, ಆಗಸ್ಟಿನಲ್ಲಿ ಅಲ್ಲಿಗೆ ಹೊರಟಿರುವ ನಿನ್ನ ಗೆಳತಿಯ ಕೈಯಲ್ಲಿ ಬರುತ್ತದೆ.

ನಿನ್ನ
ಅಪ್ಪ